ಹೊಳೆಯ ದಂಡೆಯ ಜಲ್ಲಿದಾರಿ

ಟಾರು ಹಾಕಿದ ರಸ್ತೆಯ ಮೇಲೆ ಸೈಕಲ್ಲು ಸರಾಗವಾಗಿ ಓಡುವುದನ್ನೂ, ಅದೇ ಸೈಕಲ್ಲು ಹೊಳೆಯ ಮರಳಿನಲ್ಲಿ ಹತ್ತು ಮಾರು ಸಾಗುವುದರೊಳಗೆ ಹೂತು ನಿಲ್ಲುವುದನ್ನೂ ಕಾಣದವರು ವಿರಳ. ಈ ಎರಡರ ನಡುವೆ ಮೂರನೆಯ ಬಗೆಯ ದಾರಿಯೊಂದುಂಟು. ಅದೇ ಜಲ್ಲಿಯ ದಾರಿ. ಅದಕ್ಕೆ ಟಾರಿಲ್ಲ, ಸಿಮೆಂಟಿಲ್ಲ. ಒಡೆದ ಕಲ್ಲು ಮತ್ತು ಕಲ್ಲಿನ ಪುಡಿ, ಇಷ್ಟೇ ಅದರ ಸಾಮಗ್ರಿ. ಆದರೂ ಚೆನ್ನಾಗಿ ಕಟ್ಟಿದ ಜಲ್ಲಿದಾರಿಯ ಮೇಲೆ ಅಭ್ಯಾಸವುಳ್ಳ ಸವಾರನು ದಿನವೊಂದಕ್ಕೆ ಎಂಬತ್ತು ನೂರು ಕಿಲೋಮೀಟರು ದೂರವನ್ನು ಆಯಾಸವಿಲ್ಲದೆ ಕ್ರಮಿಸಬಲ್ಲನು. ಮರಳೂ ಕಲ್ಲಿನ ಚೂರೇ, ಜಲ್ಲಿಯೂ ಕಲ್ಲಿನ ಚೂರೇ. ಒಂದರಲ್ಲಿ ಗಾಲಿ ಹೂಳುತ್ತದೆ, ಇನ್ನೊಂದರ ಮೇಲೆ ಉರುಳುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೊರಟರೆ ಯಂತ್ರಶಾಸ್ತ್ರ, ಭೂವಿಜ್ಞಾನ, ನದಿಗಳ ಸ್ವಭಾವ ಇವೆಲ್ಲವನ್ನೂ ಮುಟ್ಟಿ ಬರಬೇಕಾಗುತ್ತದೆ. ಜಗತ್ತಿನ ಅನೇಕ ದೇಶಗಳಲ್ಲಿ ಇಂದು ಬಯಲುಸೀಮೆಯ ಹೊಲಗಳ ನಡುವೆ, ನದಿಗಳ ದಂಡೆಗುಂಟ, ಸೈಕಲ್ ಸವಾರರಿಗೆಂದೇ ಇಂಥ ದಾರಿಗಳು ಏರ್ಪಟ್ಟಿವೆ. ಅವುಗಳಲ್ಲಿ ಪ್ರಸಿದ್ಧವಾದ ಒಂದನ್ನು ಉದಾಹರಣೆಯಾಗಿ ಆರಿಸಿಕೊಂಡು ವಿಷಯವನ್ನು ಪರಿಶೀಲಿಸೋಣ.

ಮಿಸೂರಿಯ ಬದಿಯ ಹಾದಿ

ಅಮೆರಿಕ ಸಂಯುಕ್ತ ಸಂಸ್ಥಾನಗಳ ನಡುಭಾಗದಲ್ಲಿ ಮಿಸೂರಿ ಎಂಬ ರಾಜ್ಯವಿದೆ. ಅದೇ ಹೆಸರಿನ ನದಿಯು ಆ ರಾಜ್ಯವನ್ನು ಪಶ್ಚಿಮದಿಂದ ಪೂರ್ವಕ್ಕೆ ಹಾಯ್ದು, ಸೇಂಟ್ ಲೂಯಿಸ್ ನಗರದ ಸಮೀಪದಲ್ಲಿ ಮಿಸಿಸಿಪಿ ನದಿಯನ್ನು ಕೂಡುತ್ತದೆ. ಸುಮಾರು 3,770 ಕಿಲೋಮೀಟರು ಉದ್ದವಾದ ಮಿಸೂರಿಯು ಉತ್ತರ ಅಮೆರಿಕದ ಅತ್ಯಂತ ಉದ್ದವಾದ ನದಿ. ಈ ರಾಜ್ಯದಲ್ಲಿ ಕ್ಲಿಂಟನ್ ಎಂಬ ಊರಿನಿಂದ ಮೇಚೆನ್ಸ್ ಎಂಬ ಊರಿನವರೆಗೆ, ಸುಮಾರು 386 ಕಿಲೋಮೀಟರು ಉದ್ದದ ಜಲ್ಲಿದಾರಿಯೊಂದಿದೆ. ಅದಕ್ಕೆ ‘ಕೇಟಿ ಹಾದಿ’ ಎಂದು ಹೆಸರು. ಕೇಟಿ ಎಂಬುದು ಯಾರೋ ಹೆಂಗಸಿನ ಹೆಸರಲ್ಲ. ಮಿಸೂರಿ–ಕ್ಯಾನ್ಸಸ್–ಟೆಕ್ಸಸ್ ರೈಲ್ವೆ ಎಂಬ ಕಂಪೆನಿಯ ಹೆಸರನ್ನು ಚುಟುಕುಮಾಡಿ, ‘ಕೆ’ ಮತ್ತು ‘ಟಿ’ ಎಂಬ ಅಕ್ಷರಗಳನ್ನು ಕೂಡಿಸಿ, ಜನರು ಆ ರೈಲಿಗೆ ಇಟ್ಟ ಅಕ್ಕರೆಯ ಹೆಸರು ಅದು.

ನದಿಯ ಉತ್ತರ ದಂಡೆಗುಂಟ ಈ ರೈಲುದಾರಿಯನ್ನು 1890ರ ದಶಕದಲ್ಲಿ ಕಟ್ಟಿದರು. ಸುಮಾರು ತೊಂಬತ್ತು ವರ್ಷಗಳ ಕಾಲ ಅದರ ಮೇಲೆ ಗಾಡಿಗಳು ಓಡಿದವು. 1986ರಲ್ಲಿ ಬಂದ ನೆರೆಯಿಂದ ಹಳಿಗಳು ಹಾಳಾದ ಮೇಲೆ ಕಂಪೆನಿಯು ಆ ದಾರಿಯ ಸಂಚಾರವನ್ನೇ ನಿಲ್ಲಿಸಿಬಿಟ್ಟಿತು. ಅನಂತರ ರಾಜ್ಯ ಸರಕಾರವು ಆ ನೆಲವನ್ನು ವಹಿಸಿಕೊಂಡು, ಹಳಿಗಳಿದ್ದ ಜಾಗದಲ್ಲಿ ಸುಣ್ಣಕಲ್ಲಿನ ಸಣ್ಣ ಜಲ್ಲಿಯನ್ನು ಹಾಸಿ, ನಡೆಯುವವರಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಟ್ಟಿತು. ಇದರ ವೆಚ್ಚಕ್ಕೆ ಟೆಡ್ ಜೋನ್ಸ್ ಮತ್ತು ಪ್ಯಾಟ್ ಜೋನ್ಸ್ ಎಂಬ ದಂಪತಿಗಳು ದೊಡ್ಡ ಮೊತ್ತವನ್ನು ದಾನವಾಗಿ ನೀಡಿದರು. ಮೊದಲ ಭಾಗವು 1990ರಲ್ಲಿ ರೋಷ್‌ಪೋರ್ಟ್ ಎಂಬ ಹಳ್ಳಿಯ ಬಳಿ ತೆರೆಯಲ್ಪಟ್ಟಿತು.

ರೋಷ್‌ಪೋರ್ಟಿನ ಬಳಿ ಹಾದಿಯ ಒಂದು ಪಕ್ಕದಲ್ಲಿ ಕಡಿದಾದ ಸುಣ್ಣಕಲ್ಲಿನ ಬಂಡೆಗೋಡೆಗಳು. ಇನ್ನೊಂದು ಪಕ್ಕದಲ್ಲಿ ನದಿ. ಮುಂದೆ ಬಂಡೆಗಳಿಗೂ ನದಿಗೂ ನಡುವೆ ಬಯಲು ಅಗಲವಾಗಿ, ಜೋಳ ಮತ್ತು ಸೋಯಾ ಬೆಳೆಯುವ ಹೊಲಗಳು ಕಾಣಿಸಿಕೊಳ್ಳುತ್ತವೆ. ಆ ಬಂಡೆಗಳನ್ನು ಹತ್ತಿರದಿಂದ ನೋಡಿದರೆ ಸಣ್ಣ ಬಿಲ್ಲೆಗಳಂಥ ಗುರುತುಗಳು ಕಣ್ಣಿಗೆ ಬೀಳುತ್ತವೆ. ಇವು ಸುಮಾರು 34 ಕೋಟಿ ವರ್ಷಗಳ ಹಿಂದೆ ಅಲ್ಲಿದ್ದ ತಿಳಿಯಾದ ಕಡಲಿನಲ್ಲಿ ಬಾಳಿದ ಕ್ರೈನಾಯ್ಡ್ ಎಂಬ ಜೀವಿಗಳ ಅವಶೇಷಗಳು. ಗಿಡದಂತೆ ಕಾಂಡವುಳ್ಳ, ಆದರೆ ನಕ್ಷತ್ರಮೀನಿನ ಬಂಧುವಾದ ಪ್ರಾಣಿ ಅದು. ಸುಣ್ಣಕಲ್ಲು ಎಂಬುದು ಹೆಚ್ಚಾಗಿ ಇಂಥ ಜೀವಿಗಳ ಚಿಪ್ಪು ಮತ್ತು ಮೂಳೆಯಂಥ ಭಾಗಗಳು ಒತ್ತಿ ಕಲ್ಲಾದದ್ದೇ ಆಗಿದೆ. ಈ ಬಗೆಯ ಕಲ್ಲನ್ನು ಒಡೆದರೆ ಚೂಪುಮೂಲೆಯ ಚೂರುಗಳ ಜೊತೆಗೆ ನಯವಾದ ಪುಡಿಯೂ ಹೇರಳವಾಗಿ ದೊರೆಯುತ್ತದೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನ ತಿಳಿದುಬರುವುದು.

ಏರಿಲ್ಲದ ದಾರಿ

ಹಳೆಯ ರೈಲುದಾರಿಯು ಸೈಕಲ್ ಸವಾರನಿಗೆ ಇಷ್ಟು ಅನುಕೂಲವಾದದ್ದೇಕೆ? ರೈಲಿಗೆ ಏರು ಎಂದರೆ ಆಗದು, ಅದೇ ಕಾರಣ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಉಂಟಾಗುವ ತಡೆ ಬಹಳ ಸ್ವಲ್ಪ. ಸಮತಟ್ಟಾದ ಹಳಿಯ ಮೇಲೆ ನಿಧಾನವಾಗಿ ಸಾಗುವ ಗಾಡಿಯನ್ನು ಎಳೆಯಲು ಟನ್ನೊಂದಕ್ಕೆ ಸುಮಾರು ಎರಡು ಕಿಲೋಗ್ರಾಂ ತೂಕದಷ್ಟು ಬಲ ಸಾಕು. ಆದರೆ ನೂರು ಅಡಿಗೆ ಒಂದಡಿಯಷ್ಟು ಏರು ಬಂದರೂ ಟನ್ನೊಂದಕ್ಕೆ ಇನ್ನೂ ಹತ್ತು ಕಿಲೋಗ್ರಾಂ ತೂಕದಷ್ಟು ಬಲ ಬೇಕಾಗುತ್ತದೆ. ಎಂದರೆ, ಕಣ್ಣಿಗೆ ಕಾಣಿಸದಷ್ಟು ಅಲ್ಪವಾದ ಏರು ಎಂಜಿನ್ನಿನ ಕೆಲಸವನ್ನು ಆರು ಪಟ್ಟು ಹೆಚ್ಚಿಸುತ್ತದೆ. ಆದುದರಿಂದಲೇ ರೈಲ್ವೆ ಎಂಜಿನಿಯರುಗಳು ತಿಟ್ಟನ್ನು ಕಡಿದು, ತಗ್ಗನ್ನು ತುಂಬಿ, ಸುತ್ತು ಬಳಸಿಯಾದರೂ ಮಟ್ಟವಾದ ದಾರಿಯನ್ನು ಹುಡುಕುತ್ತಿದ್ದರು.

ಅವರಿಗೆ ಅಂಥ ದಾರಿಯನ್ನು ತೋರಿಸಿಕೊಟ್ಟದ್ದು ನದಿಯೇ. ಮಿಸೂರಿಯು ತನ್ನ ಕೆಳಪಾತ್ರದಲ್ಲಿ ಕಿಲೋಮೀಟರಿಗೆ ಸುಮಾರು 20 ಸೆಂಟಿಮೀಟರು ಮಾತ್ರ ಇಳಿಯುತ್ತದೆ. ನದಿ ಸಾವಿರಾರು ವರ್ಷ ಕೊರೆದು, ಮೆಕ್ಕಲು ತುಂಬಿ, ಸಮಮಾಡಿದ ಕಣಿವೆಯ ಅಂಚಿನಲ್ಲಿ ಹಳಿ ಹಾಸಿದರೆ ಏರಿನ ಸಮಸ್ಯೆ ಬಹುಮಟ್ಟಿಗೆ ತಾನಾಗಿಯೇ ಪರಿಹಾರವಾಗುತ್ತದೆ. ಬಂಡೆ ಅಡ್ಡ ಬಂದ ರೋಷ್‌ಪೋರ್ಟಿನಲ್ಲಿ ಮಾತ್ರ 1893ರಲ್ಲಿ ಒಂದು ಸಣ್ಣ ಸುರಂಗವನ್ನು ಕೊರೆಯಬೇಕಾಯಿತು. ಇಂದು ಅದರೊಳಗೆ ಸೈಕಲ್ಲುಗಳು ಹಾಯುತ್ತವೆ. ಇದೇ ನ್ಯಾಯವು ಕಾಲುವೆಗಳಿಗೂ ಸಲ್ಲುತ್ತದೆ. ಅಮೆರಿಕದ ಪೂರ್ವಭಾಗದಲ್ಲಿ ಪೊಟೋಮ್ಯಾಕ್ ನದಿಯ ಬದಿಗೆ ಸುಮಾರು 297 ಕಿಲೋಮೀಟರು ಉದ್ದದ ಹಳೆಯ ಕಾಲುವೆಯೊಂದಿದೆ. ದೋಣಿಗಳನ್ನು ಎಳೆಯುವ ಹೇಸರಗತ್ತೆಗಳು ನಡೆಯಲೆಂದು ಅದರ ದಂಡೆಯ ಮೇಲೆ ಮಾಡಿದ ಹಾದಿ ಈಗ ಸೈಕಲ್ ಹಾದಿಯಾಗಿದೆ.

ಜಲ್ಲಿಯ ಗುಟ್ಟು

ಇನ್ನು ಹಾದಿಯ ಮೈಯನ್ನು ನೋಡೋಣ. ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಮ್ (1756–1836) ಎಂಬಾತನು 1816ರಲ್ಲಿ ಬ್ರಿಸ್ಟಲ್ ಪ್ರಾಂತದ ರಸ್ತೆಗಳ ಮೇಲ್ವಿಚಾರಕನಾದಾಗ ಒಂದು ಹೊಸ ವಿಧಾನವನ್ನು ಬಳಕೆಗೆ ತಂದನು. ಅದುವರೆಗೆ ಒಳ್ಳೆಯ ರಸ್ತೆಗೆ ಅಡಿಯಲ್ಲಿ ದೊಡ್ಡ ಕಲ್ಲುಗಳ ಪಾಯ ಬೇಕೆಂದು ಭಾವಿಸುತ್ತಿದ್ದರು. ಮೆಕಾಡಮನ ಅಭಿಪ್ರಾಯ ಬೇರೆಯಾಗಿತ್ತು. ಗಾಡಿಯ ಭಾರವನ್ನು ನಿಜವಾಗಿ ಹೊರುವುದು ಅಡಿಯ ನೆಲವೇ. ಆ ನೆಲವನ್ನು ಒಣಗಿಟ್ಟರೆ ಅದು ಎಷ್ಟು ಭಾರವನ್ನಾದರೂ ಹೊರುವುದು. ಕಲ್ಲಿನ ಹೊದಿಕೆಯ ಮುಖ್ಯ ಕೆಲಸವೆಂದರೆ ನೀರು ಕೆಳಗಿಳಿಯದಂತೆ ತಡೆಯುವುದು. ಇದಕ್ಕಾಗಿ ಅವನು ಸಣ್ಣಗೆ ಒಡೆದ, ಮೂಲೆಗಳುಳ್ಳ ಕಲ್ಲುಗಳನ್ನೇ ಬಳಸಿದನು. ಹೊಳೆಯಲ್ಲಿ ಉರುಳಿ ದುಂಡಗಾದ ಕಲ್ಲುಗಳು ಗೋಲಿಗಳಂತೆ ಒಂದರ ಮೇಲೊಂದು ಜಾರುತ್ತವೆ. ಒಡೆದ ಕಲ್ಲುಗಳಾದರೋ ಮೂಲೆಗೆ ಮೂಲೆ ಸಿಕ್ಕಿಕೊಂಡು ಬಿಗಿಯಾಗುತ್ತವೆ; ಮೇಲೆ ಗಾಡಿಗಳು ಓಡಿದಷ್ಟೂ ಬಿಗಿತ ಹೆಚ್ಚುತ್ತದೆ.

ಕಲ್ಲಿನ ಆಕಾರದಷ್ಟೇ ಅದರ ಗಾತ್ರದ ಹಂಚಿಕೆಯೂ ಮುಖ್ಯ. ಒಂದು ಡಬ್ಬಿಯ ತುಂಬ ನಿಂಬೆಹಣ್ಣುಗಳನ್ನು ತುಂಬಿದರೆ ಅವುಗಳ ನಡುವೆ ಬೇಕಾದಷ್ಟು ಸಂದು ಉಳಿಯುತ್ತದೆ. ಆ ಸಂದುಗಳಲ್ಲಿ ಕಡಲೆಕಾಳು ಸುರಿಯಬಹುದು. ಕಾಳುಗಳ ನಡುವೆ ರಾಗಿ. ರಾಗಿಯ ನಡುವೆ ಹಿಟ್ಟು. ಹೀಗೆ ಎಲ್ಲ ಗಾತ್ರದ ಚೂರುಗಳೂ ಸರಿಯಾದ ಪ್ರಮಾಣದಲ್ಲಿ ಸೇರಿದ ಜಲ್ಲಿಯಲ್ಲಿ ಪ್ರತಿಯೊಂದು ಕಲ್ಲೂ ನಾಲ್ಕೂ ಕಡೆಯಿಂದ ಆಸರೆ ಪಡೆಯುತ್ತದೆ. ಅಲುಗಾಡಲು ಎಡೆಯಿಲ್ಲದ ಕಲ್ಲು ಗಾಲಿಯ ಅಡಿಯಲ್ಲಿ ಸರಿಯುವುದಿಲ್ಲ. ಮರಳಿನ ಕಣಗಳಾದರೋ ಹೆಚ್ಚುಕಡಮೆ ಒಂದೇ ಗಾತ್ರದವು, ಮೂಲೆ ಸವೆದವು. ಆದುದರಿಂದ ಒಣಮರಳು ಗಾಲಿಗೆ ದಾರಿಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಸವಾರನ ಶ್ರಮವೆಲ್ಲ ಮರಳನ್ನು ಸರಿಸುವುದರಲ್ಲಿಯೇ ವೆಚ್ಚವಾಗುತ್ತದೆ.

ನೀರೆಂಬ ಬೆಸುಗೆ

ಆದರೆ ಕಲ್ಲುಪುಡಿ ಒಣಗಿದ್ದರೆ ಗಾಳಿಗೆ ಹಾರಿಹೋಗುತ್ತದೆಯಲ್ಲವೆ? ಅದನ್ನು ಹಿಡಿದಿಟ್ಟುಕೊಳ್ಳುವ ಅಂಟು ಯಾವುದು? ಉತ್ತರವು ಮಕ್ಕಳಿಗೂ ಗೊತ್ತು. ಒಣಮರಳಿನಿಂದ ಗುಬ್ಬಿಗೂಡು ಕಟ್ಟಲು ಬಾರದು. ಸ್ವಲ್ಪ ಒದ್ದೆಯಾದ ಮರಳಿನಿಂದ ಕಟ್ಟಬಹುದು. ನೀರು ಹೆಚ್ಚಾದರೆ ಗೂಡು ಕುಸಿಯುತ್ತದೆ.

ಎರಡು ಕಣಗಳು ಒಂದನ್ನೊಂದು ಮುಟ್ಟುವ ಜಾಗದಲ್ಲಿ ಅತ್ಯಲ್ಪವಾದ ನೀರು ಸೇತುವೆಯಂತೆ ನಿಲ್ಲುತ್ತದೆ. ಆ ನೀರಿನ ಹೊರಮೈ ಒಳಬಾಗಿರುತ್ತದೆ. ನೀರಿನ ಮೇಲ್ಮೈ ಎಳೆತದ ಪರಿಣಾಮವಾಗಿ ಎರಡೂ ಕಣಗಳು ಪರಸ್ಪರ ಒತ್ತಿ ಹಿಡಿಯಲ್ಪಡುತ್ತವೆ. ಕಣಗಳು ಸಣ್ಣವಾದಷ್ಟೂ ಇಂಥ ಸೇತುವೆಗಳ ಸಂಖ್ಯೆ ಹೆಚ್ಚುತ್ತದೆ, ಅವುಗಳ ಹಿಡಿತವೂ ಬಲವಾಗುತ್ತದೆ. ಜಲ್ಲಿಯ ಜೊತೆಗೆ ಪುಡಿಯಿರಬೇಕೆಂದು ಹಿಂದೆ ಸೂಚಿಸಿದುದರ ಮರ್ಮ ಇದೇ. ಕಲ್ಲುಪುಡಿ ತನ್ನಲ್ಲಿ ತೇವವನ್ನು ಹಿಡಿದಿಟ್ಟುಕೊಂಡು ದಪ್ಪ ಚೂರುಗಳನ್ನು ಕಟ್ಟಿಹಾಕುತ್ತದೆ.

ಈಗ ಮಳೆ ಎಡೆಬಿಡದೆ ಸುರಿಯಿತೆಂದು ಇಟ್ಟುಕೊಳ್ಳೋಣ. ಕಣಗಳ ನಡುವಣ ಸಂದುಗಳೆಲ್ಲ ನೀರಿನಿಂದ ತುಂಬುತ್ತವೆ. ಅಲ್ಲಿದ್ದ ಗಾಳಿ ಹೊರಟುಹೋದಾಗ ನೀರಿಗೂ ಗಾಳಿಗೂ ನಡುವೆ ಇದ್ದ ಬಾಗಿದ ಮೇಲ್ಮೈಯೂ ಇಲ್ಲವಾಗುತ್ತದೆ. ಅದರೊಂದಿಗೆ ಎಳೆತವೂ ಮಾಯವಾಗುತ್ತದೆ. ಅಷ್ಟೇ ಅಲ್ಲ, ಮೇಲೆ ಗಾಲಿಯ ಭಾರ ಬಿದ್ದಾಗ ಒಳಗಿನ ನೀರು ಹೊರಹೋಗಲು ದಾರಿ ಕಾಣದೆ, ತಾನೇ ಭಾರಕ್ಕೆ ಎದುರಾಗಿ ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ಕಣಗಳ ನಡುವಣ ಘರ್ಷಣೆ ಕುಗ್ಗುತ್ತದೆ, ಹಾದಿ ಕೆಸರಾಗುತ್ತದೆ. ಅತಿಯಾಗಿ ಒಣಗಿದರೆ ಪುಡಿ ಹಾರಿ ಕಲ್ಲು ಸಡಿಲವಾಗುವುದು, ಅತಿಯಾಗಿ ನೆನೆದರೆ ಎಲ್ಲವೂ ಸಡಿಲವಾಗುವುದು. ಈ ಎರಡರ ನಡುವಣ ತೇವದಲ್ಲಿಯೇ ಜಲ್ಲಿದಾರಿಯ ಬಲವಿದೆ. ಆದಕಾರಣ ಹಾದಿಯ ನಡುವನ್ನು ಸ್ವಲ್ಪ ಉಬ್ಬಾಗಿಸಿ ಪಕ್ಕಗಳಿಗೆ ಇಳಿಜಾರು ಕೊಡುವುದು, ಬದಿಗೆ ಚರಂಡಿ ತೋಡುವುದು, ಹಳ್ಳ ಬಂದೆಡೆ ಮೋರಿ ಕಟ್ಟುವುದು ಇವು ಅಲಂಕಾರದ ಕೆಲಸಗಳಲ್ಲ. ಅವು ತಪ್ಪಿದರೆ ಎಂಥ ಜಲ್ಲಿಯೂ ನಿಲ್ಲದು. ಮಿಸೂರಿಯಂಥ ಚಳಿಯ ಸೀಮೆಯಲ್ಲಿ ಇನ್ನೊಂದು ತೊಡಕುಂಟು. ಚಳಿಗಾಲದಲ್ಲಿ ಒಳಗಿನ ತೇವ ಹೆಪ್ಪುಗಟ್ಟಿ ಹಿಗ್ಗಿ ಕಣಗಳನ್ನು ಎತ್ತುತ್ತದೆ. ಅದು ಕರಗುವ ದಿನಗಳಲ್ಲಿ ಹಾದಿ ಮೆತ್ತಗಾಗಿ ಗಾಲಿಗಳ ಜಾಡು ಆಳವಾಗಿ ಮೂಡುತ್ತದೆ.

ಗಾಳಿ ತುಂಬಿದ ಗಾಲಿ

ಹಾದಿಯು ತನ್ನ ಪಾಲಿನ ಕೆಲಸವನ್ನು ಮಾಡಿದರೆ, ಉಳಿದ ಪಾಲನ್ನು ಟೈರು ಮಾಡುತ್ತದೆ. ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಪೇಟೆಂಟ್ ಪಡೆದಿದ್ದನಾದರೂ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಅದನ್ನು ಸೈಕಲ್ಲಿಗೆ ಅಳವಡಿಸಿ ಜನಪ್ರಿಯಗೊಳಿಸಿದನು.

ಟೈರಿನಲ್ಲಿ ಗಾಳಿ ಎಷ್ಟು ಗಟ್ಟಿಯಾಗಿದ್ದರೆ ಸೈಕಲ್ಲು ಅಷ್ಟು ಹಗುರವಾಗಿ ಓಡುವುದೆಂಬ ನಂಬಿಕೆ ನಮ್ಮಲ್ಲಿ ಸಾಮಾನ್ಯ. ನುಣುಪಾದ ರಸ್ತೆಯ ಮಟ್ಟಿಗೆ ಅದು ಬಹುಪಾಲು ನಿಜ. ಜಲ್ಲಿಯ ಮೇಲೆ ಹಾಗಲ್ಲ. ಗಟ್ಟಿಯಾದ ಟೈರು ಒಂದು ಸಣ್ಣ ಕಲ್ಲನ್ನು ಹತ್ತಬೇಕಾದರೆ ಸೈಕಲ್ಲನ್ನೂ ಸವಾರನನ್ನೂ ಕೂಡಿಯೇ ಮೇಲೆತ್ತಬೇಕು. ಹೀಗೆ ಎತ್ತಿದ ಶಕ್ತಿ ಪೂರ್ತಿಯಾಗಿ ಮರಳಿ ದೊರೆಯುವುದಿಲ್ಲ; ಅದರ ಭಾಗವೊಂದು ಸವಾರನ ಮೈಯಲ್ಲಿ ನಡುಕವಾಗಿ ಸವೆದುಹೋಗುತ್ತದೆ. ಮೃದುವಾದ ಟೈರಾದರೋ ಕಲ್ಲನ್ನು ತನ್ನೊಳಗೆ ಒತ್ತಿಕೊಳ್ಳುತ್ತದೆ. ಮೇಲಿನ ಭಾರ ಏರಿಳಿಯದೆ ನೇರವಾಗಿ ಸಾಗುತ್ತದೆ.

ಭಾರವು ನೆಲಕ್ಕೆ ಮುಟ್ಟುವ ಬಗೆಯನ್ನೂ ಲೆಕ್ಕ ಹಾಕಬಹುದು. ಒಂದು ಗಾಲಿಯ ಮೇಲೆ 88 ಪೌಂಡು (ಸುಮಾರು 40 ಕಿಲೋಗ್ರಾಂ) ಭಾರವಿದೆ ಎನ್ನೋಣ. ಟೈರಿನೊಳಗೆ ಚದರ ಅಂಗುಲಕ್ಕೆ 80 ಪೌಂಡು ಒತ್ತಡವಿದ್ದರೆ ನೆಲವನ್ನು ಮುಟ್ಟುವ ಭಾಗವು ಸುಮಾರು 1.1 ಚದರ ಅಂಗುಲ. ಒತ್ತಡವನ್ನು 40 ಪೌಂಡಿಗೆ ಇಳಿಸಿದರೆ ಅದು ಸುಮಾರು 2.2 ಚದರ ಅಂಗುಲವಾಗುತ್ತದೆ. ನೆಲದ ಮೇಲೆ ಬೀಳುವ ಒತ್ತಡ ಅರ್ಧಕ್ಕಿಳಿಯುತ್ತದೆ, ಗಾಲಿ ಕಡಿಮೆ ಹೂಳುತ್ತದೆ. ಇದಕ್ಕಾಗಿಯೇ ಜಲ್ಲಿದಾರಿಯ ಸೈಕಲ್ಲುಗಳಿಗೆ 35ರಿಂದ 45 ಮಿಲಿಮೀಟರು ಅಗಲದ ಅಥವಾ ಇನ್ನೂ ಅಗಲವಾದ ಟೈರುಗಳನ್ನು ತೊಡಿಸಿ, ಗಾಳಿಯನ್ನು ಮಿತವಾಗಿ ತುಂಬುತ್ತಾರೆ. ಕಿರಿದಾದ ಟೈರಿನಲ್ಲಿ ಗಾಳಿ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ತೂತಾಗುವುದು. ಒತ್ತಡವನ್ನು ತಗ್ಗಿಸಬೇಕಾದರೆ ಅಗಲವನ್ನು ಹೆಚ್ಚಿಸಲೇಬೇಕು.

ಶ್ರಮದ ಲೆಕ್ಕ

ಸವಾರನೂ ಸೈಕಲ್ಲೂ ಕೂಡಿ 80 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ತೂಕವು ಸುಮಾರು 785 ನ್ಯೂಟನ್. ಅವನ ವೇಗ ಗಂಟೆಗೆ 18 ಕಿಲೋಮೀಟರು, ಎಂದರೆ ಸೆಕೆಂಡಿಗೆ 5 ಮೀಟರು. ಈ ವೇಗದಲ್ಲಿ ಗಾಳಿಯ ತಡೆ ಸುಮಾರು 7.5 ನ್ಯೂಟನ್. ಗಾಲಿ ಉರುಳುವಾಗ ನೆಲವೂ ಟೈರೂ ಒಡ್ಡುವ ತಡೆಯನ್ನು ‘ಉರುಳುತಡೆ’ ಎಂದು ಕರೆಯೋಣ. ನುಣುಪಾದ ಟಾರುರಸ್ತೆಯಲ್ಲಿ ಅದು ಸ್ಥೂಲವಾಗಿ ತೂಕದ ಇನ್ನೂರರಲ್ಲಿ ಒಂದು ಭಾಗ, ಎಂದರೆ 4 ನ್ಯೂಟನ್. ಬಿಗಿಯಾಗಿ ಕೂತ ಜಲ್ಲಿಯಲ್ಲಿ ನೂರರಲ್ಲಿ ಒಂದು ಭಾಗ, 8 ನ್ಯೂಟನ್. ಸಡಿಲವಾದ ಮರಳುಜಲ್ಲಿಯಲ್ಲಿ ಇಪ್ಪತ್ತೈದರಲ್ಲಿ ಒಂದು ಭಾಗ, 31 ನ್ಯೂಟನ್. ಗಾಳಿಯ ತಡೆಯನ್ನು ಕೂಡಿಸಿ ವೇಗದಿಂದ ಗುಣಿಸಿದರೆ, ಟಾರಿನ ಮೇಲೆ ಸುಮಾರು 58 ವಾಟ್, ಒಳ್ಳೆಯ ಜಲ್ಲಿಯ ಮೇಲೆ 78 ವಾಟ್, ಸಡಿಲ ಜಲ್ಲಿಯ ಮೇಲೆ 193 ವಾಟ್ ಸಾಮರ್ಥ್ಯ ಬೇಕಾಗುವುದೆಂದು ತಿಳಿದುಬರುತ್ತದೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಟಾರಿಗೂ ಒಳ್ಳೆಯ ಜಲ್ಲಿಗೂ ಇರುವ ಅಂತರ ಅಲ್ಪ. ಒಳ್ಳೆಯ ಜಲ್ಲಿಗೂ ಕೆಟ್ಟ ಜಲ್ಲಿಗೂ ಇರುವ ಅಂತರ ಬಹಳ. 78 ವಾಟ್‌ಗಳಷ್ಟು ಕೆಲಸವನ್ನು ಆರೋಗ್ಯವಂತನು ಗಂಟೆಗಟ್ಟಲೆ ಮಾಡಬಲ್ಲನು. 193 ವಾಟ್ ಎಂದರೆ ಅಭ್ಯಾಸವಿಲ್ಲದವನು ಬೇಗನೆ ಸೋತುಹೋಗುವನು. ಎರಡನೆಯದಾಗಿ, ನೂರಕ್ಕೆ ಒಂದರಷ್ಟು ಏರು ಬಂದರೆ ಹೆಚ್ಚುವ ತಡೆಯೂ 8 ನ್ಯೂಟನ್ನೇ. ರೈಲ್ವೆಯವರು ಏರನ್ನು ತಪ್ಪಿಸಿದ್ದರಿಂದ ಉಳಿದ ಶ್ರಮವು ಜಲ್ಲಿಯಿಂದ ಕೂಡಿದ ಶ್ರಮಕ್ಕೆ ಸರಿಹೋಗುತ್ತದೆ.

ಸವಾರನು ಎಚ್ಚರ ತಪ್ಪಬಾರದ ಒಂದು ಸಂದರ್ಭವಿದೆ, ಅದು ತಿರುವು. ಹತ್ತು ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 18 ಕಿಲೋಮೀಟರು ವೇಗದಲ್ಲಿ ಹೋಗುವಾಗ ಟೈರಿಗೆ ತೂಕದ ಕಾಲುಭಾಗದಷ್ಟು ಅಡ್ಡಹಿಡಿತ ಬೇಕು. ವೇಗವು 27 ಆದರೆ ಅರ್ಧಕ್ಕಿಂತ ಹೆಚ್ಚು ಬೇಕು. ಸಡಿಲ ಜಲ್ಲಿಯಲ್ಲಿ ಅಷ್ಟು ಹಿಡಿತ ದೊರೆಯುವ ಭರವಸೆಯಿಲ್ಲ. ಆದುದರಿಂದ ತಿರುವಿಗೆ ಮುಂಚೆಯೇ ವೇಗವನ್ನು ತಗ್ಗಿಸಬೇಕು. ತಿರುವಿನ ನಡುವೆ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿಯಬಾರದು.

ಅಲೆಯೆದ್ದ ನೆಲ

ಮೋಟಾರು ವಾಹನಗಳು ಓಡುವ ಒಣಗಿದ ಜಲ್ಲಿರಸ್ತೆಗಳಲ್ಲಿ ಒಂದು ವಿಚಿತ್ರವನ್ನು ನೋಡಬಹುದು. ಕೆಲವು ದಿನಗಳಲ್ಲಿಯೇ ರಸ್ತೆಯ ಮೈ ತಗಡಿನ ಚಾವಣಿಯಂತೆ ಅಲೆಅಲೆಯಾಗುತ್ತದೆ. ವಾಹನಗಳ ಸ್ಪ್ರಿಂಗುಗಳೇ ಇದಕ್ಕೆ ಕಾರಣವೆಂದು ಹಲವರು ತಿಳಿದಿದ್ದರು. 2007ರಲ್ಲಿ ತಾಬರ್ಲೆ, ಮಾರಿಸ್ ಮತ್ತು ಮೆಕೆಲ್ವೇನ್ ಎಂಬ ಮೂವರು ವಿಜ್ಞಾನಿಗಳು ದುಂಡಾದ ಮರಳಿನ ಹಾಸಿನ ಮೇಲೆ ಗಾಲಿಯನ್ನು ಸುತ್ತಿಸಿ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಸ್ಪ್ರಿಂಗು ಇಲ್ಲದಿದ್ದರೂ ಅಲೆಗಳು ಮೂಡುತ್ತವೆ; ವೇಗವು ಒಂದು ಮಿತಿಯನ್ನು ಮೀರಿದಾಗ ಮಾತ್ರ ಮೂಡುತ್ತವೆ ಎಂದು ಅವರು ತೋರಿಸಿದರು. ಕೇಟಿ ಹಾದಿಯಂಥ ಸೈಕಲ್ ಹಾದಿಗಳಲ್ಲಿ ವೇಗದ ವಾಹನಗಳಿಗೆ ಪ್ರವೇಶವಿಲ್ಲದ್ದರಿಂದ ಈ ಕಾಟ ಕಡಿಮೆ. ಅಲ್ಲಿನ ನಿಜವಾದ ಶತ್ರು ಪಕ್ಕದಲ್ಲಿಯೇ ಹರಿಯುತ್ತಿದೆ.

ನದಿಯ ಹಕ್ಕು

ನದಿ ಹರಿಯುವ ಕಾಲುವೆಯಷ್ಟೇ ನದಿಯಲ್ಲ. ನೆರೆ ಬಂದಾಗ ಅದು ಹರಡಿಕೊಳ್ಳುವ ಬಯಲೂ ನದಿಯ ಭಾಗವೇ. ಆ ಬಯಲಿನ ಫಲವತ್ತಾದ ಮಣ್ಣು ಹಿಂದಿನ ನೆರೆಗಳು ತಂದು ಹಾಸಿದ್ದು. ನದಿಯು ಒಂದೇ ಜಾಗದಲ್ಲಿಯೂ ನಿಲ್ಲುವುದಿಲ್ಲ. ಕೇಟಿ ಹಾದಿಯ ಮೇಲಿನ ಆಗಸ್ಟಾ ಎಂಬ ಊರು ಒಮ್ಮೆ ದೋಣಿಗಳು ತಂಗುವ ರೇವಾಗಿತ್ತು. 1872ರ ಸುಮಾರಿಗೆ ನದಿಯು ಬೇರೆ ಪಾತ್ರವನ್ನು ಹಿಡಿದುದರಿಂದ ಆ ಊರು ರೇವಿನ ಭಾಗ್ಯವನ್ನು ಕಳೆದುಕೊಂಡಿತು. ಇಪ್ಪತ್ತನೆಯ ಶತಮಾನದಲ್ಲಿ ದಂಡೆಗಳಿಗೆ ಕಲ್ಲು ಜೋಡಿಸಿ, ಒಡ್ಡುಗಳನ್ನು ಹಾಕಿ, ಮೇಲ್ಗಡೆ ದೊಡ್ಡ ಅಣೆಕಟ್ಟುಗಳನ್ನು ಕಟ್ಟಿ ಮಿಸೂರಿಯನ್ನು ಕಿರಿದಾದ ಪಾತ್ರಕ್ಕೆ ಕಟ್ಟಿಹಾಕಿದರು. ಬಯಲೆಲ್ಲ ಹೊಲವಾಯಿತು.

1993ರ ಬೇಸಗೆಯಲ್ಲಿ ವಾರಗಟ್ಟಲೆ ಮಳೆ ಸುರಿದು ಮಿಸೂರಿ, ಮಿಸಿಸಿಪಿ ಎರಡೂ ಉಕ್ಕಿದವು. ಆಗಸ್ಟ್ 1ರಂದು ಸೇಂಟ್ ಲೂಯಿಸಿನಲ್ಲಿ ಮಿಸಿಸಿಪಿಯ ಮಟ್ಟವು ಅಳತೆಗಂಬದಲ್ಲಿ 49 ಅಡಿಗಳನ್ನು ದಾಟಿತು. ಒಡ್ಡುಗಳು ಒಡೆದು ಹೊಲಗಳ ಮೇಲೆ ಮರಳು ಹರಡಿತು. ತೆರೆದು ಮೂರೇ ವರ್ಷವಾಗಿದ್ದ ಕೇಟಿ ಹಾದಿಯಲ್ಲಿ, ಆವರೆಗೆ ಸಿದ್ಧವಾಗಿದ್ದುದರ ಅರ್ಧಕ್ಕೂ ಹೆಚ್ಚು ಭಾಗ ಹಾಳಾಯಿತು.

ನೆರೆಯು ಜಲ್ಲಿದಾರಿಯನ್ನು ಕೆಡಿಸುವ ರೀತಿಯನ್ನು ಗಮನಿಸಬೇಕು. ಹರಿಯುವ ನೀರು ಉರುಳಿಸಬಲ್ಲ ಕಲ್ಲಿನ ತೂಕವು ವೇಗದ ಆರನೆಯ ಘಾತಕ್ಕೆ ಅನುಸಾರವಾಗಿ ಹೆಚ್ಚುತ್ತದೆಂದು ಒಂದು ಹಳೆಯ ನಿಯಮವುಂಟು. ಅದರ ಪ್ರಕಾರ ವೇಗವು ಎರಡರಷ್ಟಾದರೆ 64 ಪಟ್ಟು ಭಾರದ ಕಲ್ಲು ಕದಲುತ್ತದೆ. ಆದುದರಿಂದ ನೀರು ಹಾದಿಯನ್ನು ಅಡ್ಡಹಾಯುವ ಬಿರುಸಿನ ಜಾಗಗಳಲ್ಲಿ ಜಲ್ಲಿಯೂ ಅದರಡಿಯ ಮಣ್ಣೂ ಒಟ್ಟಿಗೆ ಕೊಚ್ಚಿಹೋಗುತ್ತವೆ. ನೀರು ಮೆಲ್ಲಗೆ ಹರಿದಲ್ಲಿಯೂ ಹಾನಿ ತಪ್ಪದು. ಅಲ್ಲಿ ದಪ್ಪ ಕಲ್ಲು ಉಳಿಯುತ್ತದೆ, ಪುಡಿ ಮಾತ್ರ ಹೊರಟುಹೋಗುತ್ತದೆ. ಬೆಸುಗೆಯಾಗಿದ್ದ ಪುಡಿ ಹೋದ ಮೇಲೆ ಉಳಿದ ಕಲ್ಲಿನ ರಾಶಿಯನ್ನು ಹಾದಿಯೆನ್ನಲಾಗದು. ನೀರು ನಿಂತ ಜಾಗದಲ್ಲಿ ಗೋಡು ಕೂತು, ಒದ್ದೆಯಾದಾಗ ಜಾರುತ್ತದೆ, ಒಣಗಿದಾಗ ಬಿರಿಯುತ್ತದೆ. ಕೇಟಿ ಹಾದಿಯನ್ನು 1993ರ ಅನಂತರ ಮತ್ತೆ ಕಟ್ಟಿದರು. 2019ರ ನೆರೆಯಲ್ಲಿ ಅದರ ಹಲವು ಭಾಗಗಳನ್ನು ಮತ್ತೊಮ್ಮೆ ಮುಚ್ಚಬೇಕಾಯಿತು.

ಒಡ್ಡುಗಳನ್ನು ಇನ್ನೂ ಎತ್ತರ ಮಾಡುವುದೊಂದೇ ಇದಕ್ಕೆ ಪರಿಹಾರವೆಂದು ಎಲ್ಲರೂ ಒಪ್ಪಲಿಲ್ಲ. ಒಡ್ಡು ಎತ್ತರವಾದಷ್ಟೂ ನೀರು ಕಿರಿದಾದ ಪಾತ್ರದಲ್ಲಿ ಸಿಕ್ಕಿ ಮಟ್ಟವೂ ಏರುತ್ತದೆ. ಒಡೆದಾಗ ಅನಾಹುತವೂ ಹೆಚ್ಚುತ್ತದೆ. 1994ರಲ್ಲಿ ಅಮೆರಿಕದ ಕೇಂದ್ರ ಸರಕಾರವು ಮಿಸೂರಿಯ ಈ ಭಾಗದಲ್ಲಿ ‘ಬಿಗ್ ಮಡ್ಡಿ’ ಎಂಬ ಹೆಸರಿನ ವನ್ಯಜೀವಿ ಆಶ್ರಯವನ್ನು ಸ್ಥಾಪಿಸಿತು. ಮಾರಲು ಒಪ್ಪಿದವರಿಂದ ನೆರೆಬಯಲಿನ ನೆಲವನ್ನು ಕೊಂಡು, ಅಲ್ಲಿ ನದಿ ತನ್ನಿಷ್ಟದಂತೆ ಹರಡಿಕೊಳ್ಳಲು ಬಿಡುವುದು ಅದರ ಉದ್ದೇಶಗಳಲ್ಲೊಂದು.

ನೆಲ ಯಾರದು?

ಹಾದಿಗೆ ನೀರಿನಿಂದ ಬಂದ ತೊಡಕಲ್ಲದೆ ನ್ಯಾಯದ ತೊಡಕೂ ಇತ್ತು. ಅನೇಕ ಕಡೆಗಳಲ್ಲಿ ರೈಲ್ವೆ ಕಂಪೆನಿಗೆ ಇದ್ದದ್ದು ನೆಲದ ಒಡೆತನವಲ್ಲ, ಹಳಿ ಹಾಸಿ ಗಾಡಿ ಓಡಿಸುವ ಹಕ್ಕು ಮಾತ್ರ. ರೈಲು ನಿಂತ ಮೇಲೆ ನೆಲವು ತಮಗೆ ಮರಳಬೇಕೆಂದು ಪಕ್ಕದ ರೈತರು ವಾದಿಸಿದರು. ಆದರೆ 1983ರಲ್ಲಿ ತಿದ್ದುಪಡಿಯಾದ ಒಂದು ಕಾನೂನಿನ ಪ್ರಕಾರ, ಮುಂದೆ ರೈಲಿಗೆ ಬೇಕಾಗಬಹುದೆಂದು ದಾರಿಯನ್ನು ಕಾದಿಟ್ಟು, ಅಲ್ಲಿಯವರೆಗೆ ಹಾದಿಯಾಗಿ ಬಳಸಬಹುದು. ವರ್ಮಾಂಟ್ ರಾಜ್ಯದ ಒಂದು ಮೊಕದ್ದಮೆಯಲ್ಲಿ 1990ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ಕಾನೂನನ್ನು ಎತ್ತಿಹಿಡಿಯಿತು; ನಷ್ಟವಾದ ಭೂಮಾಲಿಕರು ಸರಕಾರದಿಂದ ಪರಿಹಾರ ಕೇಳಬಹುದೆಂದೂ ತಿಳಿಸಿತು. ಸಾರ್ವಜನಿಕರ ಹಾದಿಗೂ ರೈತನ ಹಕ್ಕಿಗೂ ನಡುವೆ ಕಂಡುಕೊಂಡ ಒಪ್ಪಂದ ಇದು. ಒಮ್ಮೆ ಒಡೆದು ಹಂಚಿಹೋದ ಉದ್ದನೆಯ ದಾರಿಯನ್ನು ಮತ್ತೆ ಕೂಡಿಸುವುದು ಎಷ್ಟು ಕಷ್ಟವೆಂಬುದನ್ನು ನೆನೆದರೆ ಈ ಏರ್ಪಾಡಿನ ಬೆಲೆ ಅರ್ಥವಾಗುತ್ತದೆ.

ಮಾಡಿ ನೋಡಿ

ಮೇಲೆ ಹೇಳಿದುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು.

ಮೊದಲನೆಯ ಪ್ರಯೋಗ: ಮೂರು ಡಬ್ಬಿಗಳಲ್ಲಿ ಸಮನಾಗಿ ಮರಳು ತುಂಬಿರಿ. ಒಂದನ್ನು ಒಣಗಿದಂತೆಯೇ ಬಿಡಿ. ಎರಡನೆಯದಕ್ಕೆ ಸ್ವಲ್ಪ ನೀರು ಚಿಮುಕಿಸಿ ಕಲಸಿ ಅಂಗೈಯಿಂದ ಒತ್ತಿರಿ. ಮೂರನೆಯದಕ್ಕೆ ಮರಳಿನ ಮೇಲೆ ನಿಲ್ಲುವಷ್ಟು ನೀರು ಸುರಿದು ಕಲಕಿರಿ. ಒಂದೇ ತೂಕದ ಬಟ್ಟನ್ನು ಮೂರರ ಮೇಲೂ ಇಟ್ಟು, ಅದು ಎಷ್ಟು ಆಳಕ್ಕೆ ಇಳಿಯುವುದೆಂದು ಅಳೆಯಿರಿ.

ಎರಡನೆಯ ಪ್ರಯೋಗ: ವಾಹನಗಳಿಲ್ಲದ, ಮಟ್ಟವಾದ, ಗಾಳಿಯಿಲ್ಲದ ಜಾಗವನ್ನು ಆರಿಸಿರಿ. ನೆಲದ ಮೇಲೆ 9 ಮೀಟರು ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಈ ದೂರವನ್ನು 3 ಸೆಕೆಂಡಿನಲ್ಲಿ ದಾಟುವಂತೆ ಸೈಕಲ್ಲು ತುಳಿದು, ಎರಡನೆಯ ಗೆರೆಯಲ್ಲಿ ತುಳಿಯುವುದನ್ನು ನಿಲ್ಲಿಸಿರಿ. ಅಲ್ಲಿಂದ ಸೈಕಲ್ಲು ತಾನಾಗಿ ಎಷ್ಟು ಮೀಟರು ಉರುಳಿ ನಿಲ್ಲುವುದೆಂದು ಅಳೆಯಿರಿ. 0.46ನ್ನು ಆ ದೂರದಿಂದ ಭಾಗಿಸಿದರೆ ಉರುಳುತಡೆಯು ತೂಕದ ಎಷ್ಟನೆಯ ಭಾಗವೆಂಬುದು ದೊರೆಯುತ್ತದೆ. 46 ಮೀಟರು ಹೋದರೆ ನೂರರಲ್ಲಿ ಒಂದು. 23 ಮೀಟರಾದರೆ ನೂರರಲ್ಲಿ ಎರಡು. ಗಾಳಿಯ ತಡೆಯೂ ಇದರಲ್ಲಿ ಸೇರಿರುವುದರಿಂದ ಅಂಕಿ ನಿಜಕ್ಕಿಂತ ತುಸು ಹೆಚ್ಚಾಗಿ ಬರುವುದು. ಇದನ್ನು ಸಿಮೆಂಟಿನ ಅಂಗಳ, ಗಟ್ಟಿಮಣ್ಣಿನ ಮೈದಾನ, ಜಲ್ಲಿದಾರಿ ಇವುಗಳ ಮೇಲೆ ಬೇರೆಬೇರೆಯಾಗಿ ಮಾಡಿ, ಟೈರಿನ ಗಾಳಿಯನ್ನೂ ಬದಲಿಸಿ ನೋಡಿ ಪಟ್ಟಿ ಬರೆಯಿರಿ. ಮಳೆ ಬಿದ್ದ ಮರುದಿನ ಮತ್ತು ಒಂದು ವಾರದ ಬಿಸಿಲಿನ ಅನಂತರ ಅದೇ ಜಾಗದಲ್ಲಿ ಅಳೆದರೆ ನೀರಿನ ಪ್ರಭಾವವು ಅಂಕಿಗಳಲ್ಲಿಯೇ ಕಾಣಿಸಿಕೊಳ್ಳುವುದು.

ಒಟ್ಟಿನಲ್ಲಿ, ಜಲ್ಲಿದಾರಿಯ ಕಥೆಯೆಲ್ಲ ನೀರಿನ ಕಥೆಯೇ. ಕಣಿವೆಯನ್ನು ಮಟ್ಟಮಾಡಿ ದಾರಿ ತೋರಿಸಿದ್ದು ನೀರು. ಕಲ್ಲುಪುಡಿಯನ್ನು ಕಟ್ಟಿ ಹಿಡಿದಿರುವುದು ನೀರು. ಮಿತಿಮೀರಿದಾಗ ಎಲ್ಲವನ್ನೂ ಕಿತ್ತೊಯ್ಯುವುದೂ ನೀರೇ. ಚರಂಡಿ, ಮೋರಿ, ನದಿಗೆ ಬಿಟ್ಟ ಬಯಲು ಇವುಗಳ ಕಡೆಗೆ ವರ್ಷವರ್ಷವೂ ಗಮನವಿಟ್ಟಲ್ಲಿ ಹಾದಿ ಉಳಿಯುತ್ತದೆ. ಗಮನ ತಪ್ಪಿದಲ್ಲಿ ಕೆಲವು ಮಳೆಗಾಲಗಳೊಳಗೆ ಅದು ಮತ್ತೆ ಬರಿಯ ಕಲ್ಲಿನ ಚೂರಾಗುತ್ತದೆ.